ನೆಲದ ಬಿರುಕಿನಲ್ಲಿ ಪಾದರಸ

ಸೂಜಿಗೆ ದಾರ ಪೋಣಿಸಲು ನನಗೆ ಯಾವತ್ತೂ ಕನ್ನಡಕ ಬೇಕಾದದ್ದಿಲ್ಲ. ಮದುವೆಗೆ ಮೊದಲೇ ಹೊಲಿಗೆ ಕಲಿತವಳು ನಾನು. ಒಂದು ಮಳೆಗಾಲದ ಬೆಳಿಗ್ಗೆ ದಾರದ ತುದಿ ಸೂಜಿಯ ಕಣ್ಣನ್ನು ಬಿಟ್ಟು ಆಚೆ ಈಚೆ ಹೋಗತೊಡಗಿತು. ಕಣ್ಣು ಮಂಜಾಯಿತೋ ಎಂದು ಕಿಟಕಿಯ ಹತ್ತಿರ ಹೋಗಿ ನೋಡಿದೆ. ಕಣ್ಣು ಸರಿಯಾಗಿಯೇ ಇತ್ತು. ಬೆರಳುಗಳು ನಡುಗುತ್ತಿದ್ದವು. ಒಂಬತ್ತು ವರ್ಷದ ಮಗಳು ಶ್ರಾವ್ಯಳನ್ನು ಕರೆದು ಪೋಣಿಸಿಕೊಡು ಎಂದೆ.

"ಅಮ್ಮ, ನಿನ್ನ ಕೈ ಎಂತಕ್ಕೆ ಹೀಗೆ ಮಾಡ್ತದೆ?" ಎಂದು ಕೇಳಿದಳು.

"ಚಳಿಗೆ," ಎಂದೆ. ಮಂಗಳೂರಿನಲ್ಲಿ ಎಲ್ಲಿಯ ಚಳಿ!

ನನ್ನ ಹೆಸರು ವಾರಿಜ. ತವರು ಉಳ್ಳಾಲ. ಅಪ್ಪ ದೋಣಿಗೆ ಹೋಗುತ್ತಿದ್ದರು, ಅಮ್ಮ ಈಗಲೂ ಮಾರ್ಕೆಟಿನಲ್ಲಿ ಕೂತು ಮೀನು ಮಾರುತ್ತಾಳೆ. ಗಂಡ ಗಂಗಾಧರ. ನಾವಿದ್ದದ್ದು ಕುಲಶೇಖರದಲ್ಲಿ ಒಂದು ಹಳೆಯ ಬಾಡಿಗೆ ಮನೆಯಲ್ಲಿ, ಹೆಂಚಿನ ಮಾಡು, ಕೆಂಪು ಕಾವಿಯ ನೆಲ. ಮನೆಯಲ್ಲಿ ನಾವು ಆಡುವುದು ತುಳು. ಎಲ್ಲರಿಗೂ ತಿಳಿಯಲಿ ಎಂದು ಆ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇವರ ಕೆಲಸ ಬಿ.ಪಿ. ನೋಡುವ ಮಿಷನುಗಳ ರಿಪೇರಿ. ಡಾಕ್ಟರುಗಳ ಮೇಜಿನ ಮೇಲೆ ಇರುತ್ತಿತ್ತಲ್ಲ, ಉದ್ದ ಪೆಟ್ಟಿಗೆ, ಮುಚ್ಚಳ ತೆಗೆದರೆ ಗಾಜಿನ ಕೊಳವೆಯಲ್ಲಿ ಪಾದರಸ ಏರುವಂಥದ್ದು, ಅದು. ಸುತ್ತಮುತ್ತಲಿನ ಕ್ಲಿನಿಕ್ಕುಗಳಿಂದ ತಂದು, ಕೊಳವೆ ತೊಳೆದು, ಹೊಸ ಪಾದರಸ ತುಂಬಿ ಕೊಡುತ್ತಿದ್ದರು. ಕೈಗೆ ಸುತ್ತುವ ಬಟ್ಟೆಯ ಪಟ್ಟಿ ಹರಿದಿದ್ದರೆ ಹೊಲಿದುಕೊಡುವವಳು ನಾನು. ಇಬ್ಬರ ಕೆಲಸಕ್ಕೂ ಒಂದೇ ಕೋಣೆ. ಕಿಟಕಿಯ ಬದಿಗೆ ನನ್ನ ಹೊಲಿಗೆ ಮಿಷನ್, ಎದುರು ಗೋಡೆಗೆ ಇವರ ಮೇಜು. ರೇಡಿಯೋ ಹಾಕಿಕೊಂಡು ಇಬ್ಬರೂ ಕೆಲಸ ಮಾಡುತ್ತಿದ್ದೆವು. ಆ ದಿನಗಳು ಸುಖದ ದಿನಗಳೇ ಎಂದು ಹೇಳಬೇಕು. ಅದನ್ನು ಹೇಳುವಾಗಲೇ ನನಗೆ ಈಗ ಹೆದರಿಕೆಯಾಗುತ್ತದೆ.

ಎಲ್ಲ ಕಡೆ ಡಿಜಿಟಲ್ ಮಿಷನ್ ಬಂದ ಮೇಲೆ ಹಳೆಯವನ್ನು ಜನ ಗೋಣಿಗಟ್ಟಲೆ ಕೊಡತೊಡಗಿದರು. ಇವರು ಬಿಚ್ಚಿ, ಪಾದರಸವನ್ನು ಗಾಜಿನ ಬಾಟಲಿಗಳಲ್ಲಿ ಕೂಡಿಟ್ಟರು. ಕೊಳ್ಳುವವರು ಇದ್ದರು. ಚಿಕ್ಕ ಬಾಟಲಿಯನ್ನೂ ಎತ್ತಿದರೆ ಕೈ ಕೆಳಗೆ ಎಳೆಯುತ್ತಿತ್ತು, ಅಷ್ಟು ಭಾರ. ಶ್ರಾವ್ಯಳಿಗೆ ರಜೆ ಇದ್ದ ದಿನ ಒಂದೆರಡು ಹನಿ ಆಡಲು ಸಿಗುತ್ತಿತ್ತು. ಬೆರಳಿನಿಂದ ಒತ್ತಿದರೆ ಹತ್ತಾಗುತ್ತಿತ್ತು, ತಟ್ಟೆ ಓರೆ ಮಾಡಿದರೆ ಮತ್ತೆ ಓಡಿ ಬಂದು ಒಂದಾಗುತ್ತಿತ್ತು. ತಟ್ಟೆ ಕೊಟ್ಟವಳು ನಾನೇ. ನುಂಗಬಾರದು ಎಂದು ಮಾತ್ರ ಹೇಳಿದ್ದೆ. ಅದು ವಾಸನೆಯಿಲ್ಲದೆ, ಬಣ್ಣವಿಲ್ಲದೆ, ಸುಮ್ಮನೆ ಗಾಳಿಗೆ ಏಳುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕೈ ನಡುಗಲು ಸುರುವಾದ ಮೇಲೆ ಉಳಿದದ್ದೆಲ್ಲ ಒಂದರ ಹಿಂದೆ ಒಂದು ಬಂತು. ಬಾಯಲ್ಲಿ ಹಳೆಯ ನಾಣ್ಯ ಇಟ್ಟುಕೊಂಡ ಹಾಗೆ ರುಚಿ. ವಸಡು ಬಾತು ರಕ್ತ. ನಿದ್ದೆ ಇಲ್ಲ. ಕೂತಲ್ಲೇ ಬೆವರಿ ರವಿಕೆ ಒದ್ದೆ. ಹಲ್ಲಿನ ಡಾಕ್ಟರು ಬಾಯಿ ತೊಳೆಯಲು ಔಷಧ ಕೊಟ್ಟರು. ನಮ್ಮ ಬದಿಯ ಡಾಕ್ಟರು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅದು ಸರಿ ಇದೆ ಎಂದು ಬಂದಾಗ, "ಟೆನ್ಶನ್ ಮಾಡ್ಕೊಳ್ಬೇಡಿ" ಎಂದರು. ಮನೆಗೆ ಬಂದು ಟೆನ್ಶನ್ ಮಾಡದಿರಲು ಪ್ರಯತ್ನಿಸಿದೆ. ಅದೂ ಒಂದು ಕೆಲಸವಾಯಿತು.

ಎಲ್ಲಕ್ಕಿಂತ ವಿಚಿತ್ರವಾದದ್ದು ನಾಚಿಕೆ. ನಾನು ಮಾತಿನ ಹೆಂಗಸು. ಅಳತೆ ಕೊಡಲು ಬಂದವರನ್ನು ಚಾ ಕುಡಿಸದೆ ಕಳಿಸಿದವಳಲ್ಲ. ಈಗ ಗೇಟಿನಲ್ಲಿ "ವಾರಿಜಕ್ಕಾ" ಎಂದು ಯಾರಾದರೂ ಕರೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು ಬಕೆಟಿನ ಪಕ್ಕ ಕೂರುತ್ತಿದ್ದೆ. ಹೊರಗೆ ಇವರು, "ಇಲ್ಲ, ಉಳ್ಳಾಲಕ್ಕೆ ಹೋಗಿದ್ದಾಳೆ" ಎಂದು ಸುಳ್ಳು ಹೇಳುವುದು ಕೇಳಿಸುತ್ತಿತ್ತು. ಬಂದವರು ಹೋದ ಮೇಲೆ ನಾಚಿಕೆ ಸಿಟ್ಟಾಗುತ್ತಿತ್ತು. ಲೋಟ ಇಟ್ಟ ಸದ್ದಿಗೆ ಸಿಟ್ಟು, ಇವರು ಕೆಮ್ಮಿದರೆ ಸಿಟ್ಟು.

ಒಂದು ಭಾನುವಾರ ಶ್ರಾವ್ಯ ನನ್ನ ಮಿಷನಿನ ಹತ್ತಿರ ನೆಲದಲ್ಲಿ ಕೂತು ಚಿತ್ರ ಬಿಡಿಸುತ್ತಾ ಶಾಲೆಯ ಯಾವುದೋ ಹಾಡು ಗುನುಗುತ್ತಿದ್ದಳು. ನಿಲ್ಲಿಸು ಎಂದೆ. ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಗುನುಗಿದಳು. ಅಳತೆಯ ಮರದ ಸ್ಕೇಲು ನನ್ನ ಕೈಯಲ್ಲಿತ್ತು. ಎಷ್ಟು ಹೊಡೆದೆನೋ ಲೆಕ್ಕವಿಲ್ಲ. ಇವರು ಅಂಗಡಿಯಿಂದ ಬಂದು ಸ್ಕೇಲು ಕಿತ್ತುಕೊಂಡಾಗ ಅವಳು ಅಳುತ್ತಲೂ ಇರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರೋ ಅಪರಿಚಿತರು ಮನೆಯೊಳಗೆ ಬಂದಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ.

ಅದಾದ ಮೇಲೆ ಮಗಳು ಮನೆಯಲ್ಲಿ ತುದಿಗಾಲಲ್ಲಿ ನಡೆಯತೊಡಗಿದಳು.

ಮನೆಯವರು ಅವರವರಿಗೆ ತೋಚಿದ್ದು ಹೇಳಿದರು. ನಾದಿನಿ ದೃಷ್ಟಿ ಎಂದಳು. ಅಮ್ಮ ಮನೆಯ ದೈವಕ್ಕೂ ಹರಕೆ ಹೇಳಿದಳು, ಉಳ್ಳಾಲದ ದರ್ಗಾಕ್ಕೂ ಹೇಳಿದಳು. "ಯಾರು ಕೇಳ್ತಾರೆ ಅಂತ ನಮಗೆ ಗೊತ್ತುಂಟಾ? ಇಬ್ಬರಿಗೂ ಹೇಳಿಟ್ಟಿದ್ದೇನೆ," ಎಂದಳು. ಇವರು ನನ್ನನ್ನು ಬಲ್ಮಠದಲ್ಲಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಆ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಎಲ್ಲರೂ ಗೋಡೆಯ ಕಡೆ ನೋಡುತ್ತಾ ಕೂತಿದ್ದರು. ಗುರುತಿನವರು ಕಂಡಾರು ಎಂದು ನಾನು ಸೆರಗನ್ನು ತಲೆಗೆ ಎಳೆದುಕೊಂಡಿದ್ದೆ. ಆ ಡಾಕ್ಟರು ಒಳ್ಳೆಯ ಮನುಷ್ಯ. ಎರಡು ತಿಂಗಳು ಮಾತ್ರೆ ಕೊಟ್ಟು ನೋಡಿದರು. ಕೊನೆಗೆ, "ನಿಮ್ಮ ಕೈ ನಡುಗುವುದು ನನಗೆ ಸರಿ ಕಾಣ್ತಾ ಇಲ್ಲ. ನರದ ಡಾಕ್ಟರಿಗೆ ತೋರಿಸಿ," ಎಂದು ಚೀಟಿ ಬರೆದರು. ಆ ಚೀಟಿಯೇ ನನ್ನನ್ನು ಉಳಿಸಿತು.

ನರದ ಡಾಕ್ಟರು ಐವತ್ತು ದಾಟಿದ ಹೆಂಗಸು. ಒಂದು ಕಾಗದ ಕೊಟ್ಟು ಮೊದಲು ನನ್ನ ಹೆಸರು ಬರೆಯಲು ಹೇಳಿದರು, ಆಮೇಲೆ ಚಕ್ಕುಲಿಯ ಹಾಗೆ ಸುತ್ತು ಬಿಡಿಸಲು. ಚಕ್ಕುಲಿಗೆ ಗರಗಸದ ಹಲ್ಲು ಬಂತು. ಅವರು ಅದನ್ನೇ ನೋಡುತ್ತಾ ಕೇಳಿದರು, "ಕೆಲಸ ಎಂತ ಮಾಡ್ತೀರಿ?"

"ಹೊಲಿಗೆ."

"ಬ್ಲೌಸ್ ಮಾತ್ರವಾ?"

"ಬ್ಲೌಸ್, ಚೂಡಿದಾರ್. ಮತ್ತೆ ಇವರ ಕೆಲಸದ ಪಟ್ಟಿ ಉಂಟು."

"ಎಂತ ಪಟ್ಟಿ?"

"ಬಿ.ಪಿ. ನೋಡುವಾಗ ಕೈಗೆ ಸುತ್ತುತ್ತೀರಲ್ಲ ಡಾಕ್ಟ್ರೇ, ಅದು."

ಅವರು ಪೆನ್ನು ಕೆಳಗಿಟ್ಟರು. ಇವರ ಕಡೆ ತಿರುಗಿ, "ನೀವು ಪಾದರಸದ ಮಿಷನ್ ರಿಪೇರಿ ಮಾಡುವುದಾ? ಎಲ್ಲಿ?" ಎಂದರು.

"ಮನೆಯಲ್ಲೇ."

"ಇವರು ಹೊಲಿಯುವುದು?"

"ಅದೇ ರೂಮಿನಲ್ಲಿ."

"ಮಕ್ಕಳು?"

"ಒಬ್ಬಳು," ಎಂದೆ ನಾನು.

ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ತರಬೇಕಿತ್ತು. ಅದನ್ನು ಬಸ್ಸಿನಲ್ಲಿ ಹೇಗೆ ತರುವುದು ಎಂದು ನಾನು ಲ್ಯಾಬಿನ ಮೂಲೆಯಲ್ಲಿ ನಿಂತು ಅಳುತ್ತಿದ್ದಾಗ ಅಲ್ಲಿಯ ಆಯಾ ಒಬ್ಬರು ಸೀರೆ ಅಂಗಡಿಯ ಗಟ್ಟಿ ಚೀಲ ತಂದುಕೊಟ್ಟರು. "ಇದರಲ್ಲಿ ಹಾಕಿ ತನ್ನಿ. ಸೀರೆ ತಗೊಂಡದ್ದು ಅಂತ ಕಾಣ್ತದೆ. ನಾನು ಎಲ್ಲರಿಗೂ ಹೀಗೆ ಕೊಡುವುದು," ಎಂದರು. ಅವರ ಹೆಸರು ಕೇಳಲೂ ನನಗೆ ಬಾಯಿ ಬರಲಿಲ್ಲ.

ಸ್ಯಾಂಪಲ್ ಬೇರೆ ಊರಿಗೆ ಹೋಗಿ ವರದಿ ಬರಲು ವಾರಕ್ಕಿಂತ ಹೆಚ್ಚಾಯಿತು. ಕೆಲಸದ ಕೋಣೆಗೆ ಬಾಗಿಲು ಹಾಕಿ, ಉಳಿದ ಮನೆಯ ಕಿಟಕಿಗಳನ್ನೆಲ್ಲ ತೆರೆದಿಡಲು ಡಾಕ್ಟರು ಹೇಳಿದ್ದರು. ವರದಿಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ನಂಬರಿಗೆ ಕಾಯುತ್ತಾ ಕೂತಿದ್ದಾಗ ಇವರು ನೆಲ ನೋಡಿಕೊಂಡು, "ಒಂದು ವಿಷಯ ಹೇಳ್ಲಿಕ್ಕುಂಟು," ಎಂದರು.

"ಎಂತ?"

"ನೀನು ಅಮ್ಮನ ಕಣ್ಣಿನ ಆಪರೇಷನ್‌ಗೆ ಹೋಗಿದ್ದಿಯಲ್ಲ. ಆಗ ಒಂದು ಬಾಟಲಿ ಒಡೆದಿತ್ತು."

"ಯಾವ ಬಾಟಲಿ?"

"ದೊಡ್ಡದು. ತುಂಬಿದ್ದದ್ದು. ಶೆಲ್ಫಿನಿಂದ ಜಾರಿ ನಿನ್ನ ಮಿಷನಿನ ಬುಡಕ್ಕೆ ಬಿತ್ತು. ಸಿಕ್ಕಿದಷ್ಟು ಹೆಕ್ಕಿದೆ. ಉಳಿದದ್ದು ನೆಲದ ಬಿರುಕಿಗೆ ಇಳಿಯಿತು. ಮೂರು ಸಲ ನೀರು ಹಾಕಿ ತೊಳೆದೆ. ನೀನು ಬೈತಿ ಅಂತ ಹೇಳಲಿಲ್ಲ."

ಅಮ್ಮನ ಆಪರೇಷನ್ ಆದದ್ದು ಮಳೆಗಾಲಕ್ಕೆ ಮೊದಲು. ಆ ಬೇಸಗೆಯ ಸೆಕೆಯಲ್ಲಿ, ಆಮೇಲೆ ಇರಚಲು ಹೊಡೆಯುತ್ತದೆ ಎಂದು ಕಿಟಕಿ ಮುಚ್ಚಿದ ಮಳೆಯ ತಿಂಗಳುಗಳಲ್ಲಿ, ಬರಿಗಾಲನ್ನು ಪೆಡಲಿನ ಮೇಲಿಟ್ಟು ನಾನು ಆ ಬಿರುಕಿನ ಮೇಲೆಯೇ ಕೂತಿದ್ದೆ. ಸಿಟ್ಟು ಬಂತು. ಆದರೆ ಈ ಸಿಟ್ಟು ನನ್ನದೋ ಕಾಯಿಲೆಯದೋ ಎಂದು ನನಗೇ ನಂಬಿಕೆ ಇರಲಿಲ್ಲ. ಅಷ್ಟರಲ್ಲಿ ನಮ್ಮ ನಂಬರು ಕರೆದರು.

ವರದಿಯಲ್ಲಿ ಇರಬೇಕಾದದ್ದು ಒಂದು ಕಡೆ, ನನ್ನಲ್ಲಿದ್ದದ್ದು ಇನ್ನೊಂದು ಕಡೆ. ಅದನ್ನು ಓದಲು ಡಾಕ್ಟರೇ ಬೇಕೆಂದಿರಲಿಲ್ಲ. "ಇವತ್ತಿನಿಂದ ಆ ಮನೆಯಲ್ಲಿ ಮಲಗಬೇಡಿ," ಎಂದರು ಅವರು. "ಬಟ್ಟೆ, ಹಾಸಿಗೆ ಎಂತದೂ ತರಬೇಡಿ. ಮಗಳ ಪರೀಕ್ಷೆ ಆಗಬೇಕು. ನಿಮ್ಮದೂ ಆಗಬೇಕು ಗಂಗಾಧರ್."

ಶಾಲೆಯಿಂದ ಮಗಳನ್ನು ಯೂನಿಫಾರ್ಮಿನಲ್ಲೇ ಕರೆದುಕೊಂಡು ಉಳ್ಳಾಲದ ಬಸ್ಸು ಹತ್ತಿದೆವು. ಉಟ್ಟ ಬಟ್ಟೆ ಬಿಟ್ಟರೆ ಬೇರೆ ಇರಲಿಲ್ಲ. ನೇತ್ರಾವತಿಯ ಸೇತುವೆ ದಾಟುವಾಗ ಶ್ರಾವ್ಯ ಮೆಲ್ಲಗೆ ಕೇಳಿದಳು, "ನಾನು ತಟ್ಟೆಯಲ್ಲಿ ಆಡಿದ್ದರಿಂದ ನಿನಗೆ ಹೀಗಾದದ್ದಾ?"

ಅಲ್ಲ ಮಗಾ, ಅಲ್ಲ ಎಂದು ಹೇಳಿದೆ. ಅವಳು ನಂಬಿದಳೋ ಇಲ್ಲವೋ ಈಗಲೂ ಗೊತ್ತಿಲ್ಲ.

ಅವಳ ವರದಿಗೆ ಕಾದ ಆ ಒಂಬತ್ತು ದಿನ ನನ್ನ ಕಾಯಿಲೆಯನ್ನೇ ಮರೆತಿದ್ದೆ. ಅವಳು ಬರೆಯುವಾಗ ಬೆರಳು ನೋಡುತ್ತಿದ್ದೆ, ಹಲ್ಲುಜ್ಜುವಾಗ ವಸಡು ನೋಡುತ್ತಿದ್ದೆ. ಅವಳ ದೇಹದಲ್ಲೂ ಇತ್ತು. ನನ್ನಷ್ಟಿರಲಿಲ್ಲ. ದಿನವಿಡೀ ಶಾಲೆಯಲ್ಲಿ ಇರುತ್ತಿದ್ದದ್ದು ಅವಳನ್ನು ಉಳಿಸಿತ್ತು. ಮನೆ ಬಿಟ್ಟದ್ದೇ ಸಾಕು, ತಾನಾಗಿಯೇ ಇಳಿಯುತ್ತದೆ, ಆಗಾಗ ಪರೀಕ್ಷೆ ಮಾಡಿಸೋಣ ಎಂದರು. ನಾನು ಡಾಕ್ಟರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವರು ಸುಮ್ಮನೆ ನನ್ನ ಬೆನ್ನ ಮೇಲೆ ಕೈ ಇಟ್ಟು, ಹೊರಗಿನವರನ್ನು ಸ್ವಲ್ಪ ಹೊತ್ತು ಕಾಯಿಸಿದರು. ಇವರ ವರದಿಯೂ ಕೆಟ್ಟದಾಗಿತ್ತು. ತಿಂಗಳುಗಟ್ಟಲೆಯಿಂದ ಇವರ ವಸಡಿನಲ್ಲೂ ರಕ್ತ ಬರುತ್ತಿತ್ತಂತೆ. ಅದನ್ನೂ ಹೇಳಿರಲಿಲ್ಲ.

ಮೈಯಿಂದ ಪಾದರಸ ಇಳಿಸುವ ಔಷಧ ಇಲ್ಲಿಯ ಮೆಡಿಕಲ್‌ಗಳಲ್ಲಿ ಸಿಗಲಿಲ್ಲ. ಆಸ್ಪತ್ರೆಯವರೇ ಹೊರಗಿನಿಂದ ತರಿಸಿಕೊಟ್ಟರು. ಕೊಳೆತ ಮೊಟ್ಟೆಯ ವಾಸನೆಯ ಕ್ಯಾಪ್ಸೂಲು. ಡಬ್ಬಿ ತೆರೆದರೆ ಅಮ್ಮ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಐವತ್ತು ವರ್ಷ ಮೀನಿನ ನಡುವೆ ಬದುಕಿದವಳು! ನಾನು ತಿಂಗಳುಗಳ ಮೇಲೆ ನಕ್ಕದ್ದು ಆಗಲೇ. ಉಳಿದ ಬಾಟಲಿಗಳನ್ನು ಏನು ಮಾಡುವುದು ಎಂದು ಯಾರನ್ನು ಕೇಳಿದರೂ ಕೈ ಚೆಲ್ಲುತ್ತಿದ್ದರು. ಕೊನೆಗೆ ಅದೇ ಡಾಕ್ಟರು ಮಾತಾಡಿ, ಆಸ್ಪತ್ರೆಯ ತ್ಯಾಜ್ಯ ಒಯ್ಯುವವರು ಬಂದು ಮುಚ್ಚಿ ತೆಗೆದುಕೊಂಡು ಹೋಗುವ ಹಾಗೆ ಮಾಡಿದರು.

ಸ್ವಲ್ಪ ಸಮಯ ದೊಡ್ಡ ಮೀನು ತಿನ್ನಬಾರದು, ಬೂತಾಯಿ, ಬಂಗುಡೆಯಂಥ ಚಿಕ್ಕ ಮೀನಿಗೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ಅದು ಅರ್ಥವಾಗಲಿಲ್ಲ.

"ಅಂಜಲ್ ತಿಂದ್ರೆ ಎಂತ ಆಗ್ತದೆ?"

"ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ ಇರ್ತದಂತೆ ಅಮ್ಮ. ಚಿಕ್ಕದನ್ನು ತಿಂದು ತಿಂದು ಸೇರುವುದಂತೆ."

"ಮೀನಿಗೆ ಪಾದರಸ ಎಲ್ಲಿಂದ? ಸಮುದ್ರಕ್ಕೆ ಅದನ್ನು ಹಾಕಿದ್ದು ಯಾರು?"

ಅಮ್ಮ ಕೇಳಿದ್ದು ಸಹಜವಾಗಿ. ಇವರು ಊಟದ ತಟ್ಟೆಯಿಂದ ಎದ್ದು ಹೋದರು. ಮೂರು ಸಲ ನೀರು ಹಾಕಿ ತೊಳೆದದ್ದು ಹಿತ್ತಿಲ ಚರಂಡಿಗೆ, ಚರಂಡಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಡಲಿಗೆ. ಅಪ್ಪ ಬಲೆ ಹಾಕುತ್ತಿದ್ದ ನೀರು ಅದು. ಯಾರ ಯಾರ ಮನೆಯಿಂದ, ಎಲ್ಲೆಲ್ಲಿಂದ ಬಂದು ಸೇರುತ್ತದೋ, ನಮ್ಮದಂತೂ ಅದರಲ್ಲಿ ಇದೆ. ಈಗಲೂ ಉಳ್ಳಾಲದ ಕಡಲ ಬದಿಯಲ್ಲಿ ಬಿಸಿಲಿಗೆ ನೀರು ಬೆಳ್ಳಗೆ ಹೊಳೆದರೆ ನಾನು ಮುಖ ತಿರುಗಿಸುತ್ತೇನೆ.

ನಿದ್ದೆ ಮೊದಲು ಮರಳಿತು. ಆಮೇಲೆ ಬಾಯಿಯ ರುಚಿ. ನೆರೆಯವಳು ಬಾಗಿಲಿಗೆ ಬಂದಾಗ ಒಳಗೆ ಓಡಿಹೋಗದೆ ನಿಂತು ಮಾತಾಡಿದ ದಿನ ಅಮ್ಮ ಪಾಯಸ ಮಾಡಿದಳು. ಬಲಗೈಯ ನಡುಕ ಪೂರ್ತಿ ಹೋಗಲಿಲ್ಲ. ಬ್ಲೌಸು ಕತ್ತರಿಸುವ ಧೈರ್ಯ ಈಗ ಇಲ್ಲ, ಸೀರೆಗೆ ಫಾಲ್, ಪಿಕೋ ಮಾಡುತ್ತೇನೆ. ಇವರು ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು.

ಆದರೆ ಶ್ರಾವ್ಯ ತುದಿಗಾಲಲ್ಲಿ ನಡೆಯುವುದನ್ನು ಬಿಡಲಿಲ್ಲ. ಒಂದು ಸಂಜೆ ನನ್ನ ಹತ್ತಿರ ಬಂದು, "ಅಮ್ಮ, ಇವತ್ತು ಹಾಡಬಹುದಾ?" ಎಂದು ಕೇಳಿದಳು. ಅನುಮತಿ ಕೇಳಿದಳು! ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನಾನು ಕೇಳಿಯೇಬಿಟ್ಟೆ, "ಅವಳಿಗೆ ಹೊಡೆದದ್ದು ನಾನಾ, ಪಾದರಸವಾ?"

"ಅಷ್ಟು ಸಿಟ್ಟು ಬರಿಸಿದ್ದು ಪಾದರಸವೇ," ಎಂದರು ಅವರು. "ಆದ್ರೆ ಮಗಳಿಗೆ ಅದನ್ನು ನೀವೇ ಹೇಳಬೇಕು. ಒಂದು ಸಲ ಹೇಳಿದ್ರೆ ಸಾಕಾಗುವುದಿಲ್ಲ."

ಹೇಳುತ್ತಲೇ ಇದ್ದೇನೆ.

ಕುಲಶೇಖರದ ಮನೆಯ ಓನರಿಗೆ ಇವರು ಮೊದಲೇ ಎಲ್ಲ ತಿಳಿಸಿದ್ದರು. ನೆಲ ಪೂರ್ತಿ ಒಡೆದು ತೆಗೆಸಬೇಕು, ಖರ್ಚು ನಾವು ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇವೆ ಎಂದೂ ಹೇಳಿದ್ದರು. ಅವರು ನಕ್ಕರಂತೆ. "ಪಾದರಸದಲ್ಲಿ ಲಿಂಗ ಮಾಡಿ ಪೂಜೆ ಮಾಡ್ತಾರೆ ಮಾರಾಯ, ನೀನು ವಿಷ ಅಂತಿ!" ಮನೆ ಕೆಲವು ತಿಂಗಳು ಖಾಲಿ ಇತ್ತು. ಆಮೇಲೆ ಹಳೆಯ ನೆರೆಯವರು ಫೋನಿನಲ್ಲಿ ಹೇಳಿದರು, ಹಳೆಯ ಕಾವಿಯ ನೆಲದ ಮೇಲೆಯೇ ಟೈಲ್ಸ್ ಹಾಕಿಸಿ ಬಾಡಿಗೆಗೆ ಕೊಟ್ಟಿದ್ದಾರೆ, ಹುಬ್ಬಳ್ಳಿ ಕಡೆಯ ಗಂಡಹೆಂಡತಿ, ಅಂಬೆಗಾಲಿಡುವ ಮಗು ಉಂಟು ಎಂದು.

ನಾನು ಕೂಡಲೇ ಹೋಗಬೇಕಿತ್ತು. ಇವರಿಗೆ ಹೇಳಿದೆ. "ಓನರಿಗೆ ಹೇಳಿ ಆಗಿದೆಯಲ್ಲ. ಇನ್ನು ನಾವು ಹೋದ್ರೆ ನಮ್ಮ ಮೇಲೆಯೇ ಕೇಸು ಹಾಕ್ತಾರೆ. ಟೈಲ್ಸ್ ಹಾಕಿದ ಮೇಲೆ ಎಂತ ಬರ್ತದೆ?" ಎಂದರು. ನನಗೂ ಆ ಮಾತು ಬೇಕಾಗಿತ್ತು. ಹೊಸಬರ ಮನೆಯ ಬಾಗಿಲು ತಟ್ಟುವುದನ್ನು ನೆನೆದರೇ ಅಂಗೈ ಬೆವರುತ್ತಿತ್ತು. ನಾಳೆ, ನಾಡಿದ್ದು ಎನ್ನುತ್ತಾ ಮೂರು ವಾರ ಕಳೆಯಿತು. ಪ್ರತಿದಿನವೂ ಎಲ್ಲೋ ಒಂದು ಮಗು ಅಂಬೆಗಾಲಿಡುತ್ತಾ ನನ್ನ ಕಣ್ಣ ಮುಂದೆ ಬರುತ್ತಿತ್ತು.

ಕೊನೆಗೊಂದು ಬುಧವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಹೋದೆ. ಬಾಗಿಲು ತೆರೆದವಳು ಇಪ್ಪತ್ತೈದರ ಹುಡುಗಿ, ರತ್ನಾ. ಒಳಗೆ ಬಿಳಿ ಟೈಲ್ಸು ಹೊಳೆಯುತ್ತಿತ್ತು. ನಮ್ಮ ಕೆಲಸದ ಕೋಣೆ ತಂಪೆಂದು ಮಗುವಿನ ತೊಟ್ಟಿಲನ್ನು ಅಲ್ಲಿ ಕಟ್ಟಿದ್ದರು. ಮಗು ಕಿಟಕಿಯ ಕೆಳಗೆ, ಗೋಡೆ ಮತ್ತು ಟೈಲ್ಸಿನ ನಡುವಿನ ಸಂದಿಗೆ ಬೆರಳು ಹಾಕಿ ಆಡುತ್ತಿತ್ತು.

ನಾನು ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ನಿಂತು, ಕಾಯಿಲೆ, ಬಾಟಲಿ, ಬಿರುಕು ಎಲ್ಲ ಹೇಳಿದೆ. ನಡುಗುವ ಕೈಯನ್ನೂ ತೋರಿಸಿದೆ. ನನ್ನ ಫೋನ್ ನಂಬರು ಬರೆದ ವರದಿಯ ಪ್ರತಿ ಕೊಟ್ಟೆ. ಅವಳು ಮೊದಲು ನನ್ನನ್ನು ಹುಚ್ಚಿಯೆಂದು ತಿಳಿದಿರಬೇಕು. ವರದಿಯನ್ನು ಎರಡು ಸಲ ಓದಿದಳು. ಓಡಿಹೋಗಿ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲೇ ಅಂಗಳಕ್ಕೆ ಬಂದು ನಿಂತಳು.

"ಇಲ್ಲಿ ಕೂಸು ಐತಿ ಅಂತ ಎಷ್ಟ್ ದಿನದಿಂದ ಗೊತ್ತಿತ್ರಿ ನಿಮಗ?" ಎಂದು ಕೇಳಿದಳು.

"ಮೂರು ವಾರ."

ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಮಗುವಿನ ಬೆರಳುಗಳನ್ನು ತನ್ನ ಸೆರಗಿನಿಂದ ಒಂದೊಂದಾಗಿ ಒರೆಸತೊಡಗಿದಳು. ಮುಖ ಎತ್ತದೆ, "ಅಡಿಗಿಮನಿಯಾಗ ಹಾಲಿನ ಬಾಟ್ಲಿ ಐತಿ. ನನ್ನ ಚಪ್ಪಲ್ಲೂ ಒಳಗದಾವ. ನಾ ಇನ್ನ ಒಳಗ ಹೋಗಂಗಿಲ್ಲ," ಎಂದಳು. ಇನ್ನೆಂದೂ ಆ ಹೊಸಿಲು ದಾಟುವುದಿಲ್ಲ ಎಂದುಕೊಂಡಿದ್ದ ನಾನು ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವನ್ನು ತಂದುಕೊಟ್ಟೆ. ಅವಳ ಗಂಡ ಬರುವವರೆಗೆ ಇಬ್ಬರೂ ಅಂಗಳದ ಪಾಗಾರದ ಗೋಡೆಯ ಮೇಲೆ ಕೂತಿದ್ದೆವು. ಆಸ್ಪತ್ರೆಗೆ ಜೊತೆಯಲ್ಲಿ ಹೋದೆ. ಡಾಕ್ಟರ ಕೋಣೆಯವರೆಗೆ ತಲುಪಿಸಿ ಹೊರಗೆ ನಿಂತೆ. ಮರುದಿನವೇ ಅವರು ಮನೆ ಬಿಟ್ಟರು ಎಂದು ನೆರೆಯವರಿಂದ ತಿಳಿಯಿತು. ಆ ಮನೆಗೆ ಈಗ ಬೀಗ.

ಇವರಿಗೆ ಎಲ್ಲ ಹೇಳಿದೆ. ಮಗುವಿನ ವರದಿ ಬರುವವರೆಗೆ ಇವರು ಸರಿಯಾಗಿ ಉಣ್ಣಲಿಲ್ಲ. ದಿನಕ್ಕೆ ನಾಲ್ಕು ಸಲ, "ಫೋನ್ ಬಂತಾ?" ಎಂದು ಕೇಳುತ್ತಿದ್ದರು.

ಹತ್ತನೆಯ ದಿನ ರತ್ನಾಳಿಂದ ಒಂದು ಮೆಸೇಜು ಬಂತು. ಅದರ ಮೊದಲೂ ಆಮೇಲೂ ಅವಳು ನನಗೆ ಏನನ್ನೂ ಬರೆದಿಲ್ಲ. ಬೆಳಗಿನ ಹೊತ್ತು, ಇವರು ಕೆಲಸಕ್ಕೆ ಹೊರಟು ಅಂಗಳದಲ್ಲಿ ಚಪ್ಪಲಿ ಹಾಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ: "ಕೂಸಿನ ರಿಪೋರ್ಟ್ ಬಂತು. ಚಿಂತಿ ಮಾಡೂವಂಥಾದ್ದು ಏನಿಲ್ಲ ಅಂದ್ರು."

ಇವರು ಒಂದು ಕಾಲಿಗೆ ಚಪ್ಪಲಿ ಹಾಕಿದವರು ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಇನ್ನೊಮ್ಮೆ ಓದು," ಎಂದರು.

ಓದಿದೆ.